ಪಿಕ್ಸ್ ಚೀಲ: ಔಷಧಿಯಿಲ್ಲದೆ ಕಾಳು ಕಾಪಾಡುವ ಬಗೆ

ಆಫ್ರಿಕಾದ ಸಣ್ಣ ಹಿಡುವಳಿಗಳ ಸಾವಯವ ಕೃಷಿಯ ಮಾತು ಬಹುಮಟ್ಟಿಗೆ ಗೊಬ್ಬರ ಮತ್ತು ಬೀಜಗಳ ಸುತ್ತಲೇ ನಡೆಯುತ್ತದೆ. ಬೆಳೆದ ಕಾಳು ಮುಂದಿನ ಸುಗ್ಗಿಯವರೆಗೆ ಮನೆಯಲ್ಲಿ ಉಳಿಯುವುದೇ ಎಂಬುದು ಅಷ್ಟೇ ದೊಡ್ಡ ಪ್ರಶ್ನೆ, ಮತ್ತು ಅದಕ್ಕೆ ದೊರೆತಿರುವ ಉತ್ತರಗಳಲ್ಲಿ ಗಾಳಿಯಾಡದ ಮೂರು ಪದರದ ಪಿಕ್ಸ್ (PICS) ಚೀಲ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದುದು.

1980ರ ದಶಕದ ಕೊನೆಯಲ್ಲಿ ಕ್ಯಾಮರೂನಿನ ಉತ್ತರ ಭಾಗದಲ್ಲಿ ಅಲಸಂದೆಯನ್ನು ಕುಟ್ಟೆ ಹುಳುವಿನಿಂದ ಉಳಿಸಲು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸ್ಥಳೀಯ ಸಂಶೋಧಕರೊಂದಿಗೆ ಇದನ್ನು ರೂಪಿಸಿದರು. ಒಳಗೆ ತಲಾ 80 ಮೈಕ್ರಾನ್ ದಪ್ಪದ ಎರಡು ಪಾಲಿಥೀನ್ ಚೀಲಗಳು, ಹೊರಗೊಂದು ನೇಯ್ದ ಪ್ಲಾಸ್ಟಿಕ್ ಚೀಲ. ಮೂರರ ಬಾಯಿಯನ್ನೂ ಒಂದೊಂದಾಗಿ ಬಿಗಿದು ಕಟ್ಟಬೇಕು. ಕಾಳಿನೊಳಗಿನ ಹುಳುಗಳು ಉಸಿರಾಡುತ್ತ ಇರುವ ಆಮ್ಲಜನಕವನ್ನೆಲ್ಲ ತಾವೇ ಮುಗಿಸುತ್ತವೆ, ತಿನ್ನುವುದನ್ನು ನಿಲ್ಲಿಸುತ್ತವೆ, ಉಸಿರಾಟದಿಂದಲೇ ದೇಹದೊಳಗೆ ಹುಟ್ಟಬೇಕಾದ ನೀರೂ ಇಲ್ಲದೆ ಒಣಗಿ ಸಾಯುತ್ತವೆ. ಮನೆಮಂದಿ ಉಣ್ಣುವ ಕಾಳಿಗೆ ಕೀಟನಾಶಕದ ಪುಡಿ ಬೆರೆಸುವ ಪ್ರಮೇಯವೇ ಬರುವುದಿಲ್ಲ. ಕಟಾವಿನ ಹೊತ್ತಿನಲ್ಲಿ ಹುಳುವಿಗೆ ಹೆದರಿ ಅಗ್ಗಕ್ಕೆ ಮಾರಿ, ಕೆಲವೇ ತಿಂಗಳ ನಂತರ ಅದೇ ಧಾನ್ಯವನ್ನು ದುಬಾರಿ ಬೆಲೆಗೆ ಕೊಳ್ಳುವ ಕುಟುಂಬಕ್ಕೆ ಇದು ಸಣ್ಣ ಅನುಕೂಲವೇನಲ್ಲ.

ಆದರೆ ಚೀಲವು ಒದ್ದೆ ಕಾಳನ್ನು ಒಣಗಿಸಿ ಕೊಡುವುದಿಲ್ಲ. ಮೆಕ್ಕೆಜೋಳದ ತೇವಾಂಶ ಶೇ 13ರ ಆಸುಪಾಸಿಗೆ ಇಳಿಯದೆ ತುಂಬಿದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಅಳತೆಯ ಉಪಕರಣವಿಲ್ಲದವರಿಗೆ ಒಂದು ಸುಲಭ ಪರೀಕ್ಷೆಯುಂಟು: ಒಣಗಿದ ಬಾಟಲಿಯಲ್ಲಿ ಸ್ವಲ್ಪ ಕಾಳಿಗೆ ಒಣ ಉಪ್ಪು ಹಾಕಿ ಕುಲುಕಿದಾಗ ಉಪ್ಪು ಗಾಜಿಗೆ ಅಂಟಿಕೊಂಡರೆ ಇನ್ನೂ ಬಿಸಿಲು ಬೇಕೆಂದರ್ಥ. ಸುಗ್ಗಿಯಲ್ಲೇ ಮಳೆ ಬೀಳುವ ಪ್ರದೇಶಗಳಲ್ಲಿ ಈ ಷರತ್ತನ್ನು ಪಾಲಿಸುವುದು ಕಷ್ಟ. ಚೀಲ ಮಾರುವವರು ಇದನ್ನು ಇನ್ನಷ್ಟು ಒತ್ತಿ ಹೇಳಬೇಕಿತ್ತು. ಇಲಿ ಕಚ್ಚಿದರೂ ಕೆಲಸ ಕೆಟ್ಟಿತು, ಒಂದು ಸಣ್ಣ ತೂತಿನಿಂದಲೇ ಗಾಳಿ ಒಳಹೊಗುತ್ತದೆ.

ಬೆಲೆ ಸಾಮಾನ್ಯ ಚೀಲದ ಹಲವು ಪಟ್ಟು; ಕೆನ್ಯಾದಲ್ಲಿ ಅದು 250 ಶಿಲ್ಲಿಂಗ್ ಆಸುಪಾಸಿನಲ್ಲಿ ಮಾರಾಟವಾಗಿದೆ. ತೂತಾಗದಂತೆ ನೋಡಿಕೊಂಡರೆ ಎರಡು ಮೂರು ಹಂಗಾಮಿಗೆ ಬರುವುದರಿಂದ ಲೆಕ್ಕ ಸರಿಹೋಗುತ್ತದೆ, ಆದರೂ ಕೈ ಬರಿದಾದ ಕುಟುಂಬಕ್ಕೆ ಮೊದಲ ಖರೀದಿಯೇ ಭಾರ. ಅಂಥವರು ಮೊದಲು ಬಿತ್ತನೆಯ ಬೀಜವನ್ನೂ ಅಲಸಂದೆಯನ್ನೂ ಇದರಲ್ಲಿ ಇಡುವುದು ಮೇಲು. ದಿನನಿತ್ಯದ ಅಡುಗೆಗೆ ತೆಗೆಯುವ ಕಾಳಿಗೆ ಇದು ಒಗ್ಗದು, ಏಕೆಂದರೆ ಪದೇ ಪದೇ ಬಾಯಿ ಬಿಚ್ಚಿದಷ್ಟೂ ಹುಳುವಿಗೆ ಹೊಸ ಗಾಳಿ ಸಿಗುತ್ತದೆ.