ಬಿಗಿ ಬಜೆಟ್ಟಿನಲ್ಲಿ ಸಾವಯವ ಅಂಗಡಿ: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಸಾವಯವ ಅಂಗಡಿ ಇದೆ. ಚಿಕ್ಕ ಅಂಗಡಿ. ಒಂದು ಕಡೆ ಚೀಲಗಳಲ್ಲಿ ಅಕ್ಕಿ, ರಾಗಿ, ಕಾಳು. ಇನ್ನೊಂದು ಕಡೆ ಗಾಜಿನ ಕಪಾಟಿನಲ್ಲಿ ಪ್ಯಾಕೆಟ್ ಮಾಲು. ಬಾಗಿಲ ಪಕ್ಕ ಬೆಲ್ಲದ ಡಬ್ಬಗಳು. ನಾನು ಅಲ್ಲಿನ ಖಾಯಂ ಗಿರಾಕಿ. ನನ್ನದು ಅತಿಥಿ ಉಪನ್ಯಾಸಕಿಯ ಸಂಬಳ, ಮನೆಯಲ್ಲಿ ನಾಲ್ಕು ಜನ, ಅತ್ತೆಗೆ ಸಕ್ಕರೆ ಕಾಯಿಲೆ. ಹಾಗಾಗಿ ಅಲ್ಲಿ ಕೈಬಿಟ್ಟು ಖರ್ಚು ಮಾಡುವಂತಿಲ್ಲ. ನನ್ನಂಥ ಮನೆಗಳು ಈ ಊರಲ್ಲಿ ಬೇಕಾದಷ್ಟಿವೆ ಅಲ್ವಾ, ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಈ ಅಂಗಡಿಯಲ್ಲಿ ದುಡ್ಡು ಕೊಟ್ಟು ತರಬೇಕಾದದ್ದೆಲ್ಲ ಚೀಲದಲ್ಲಿದೆ, ಬೆಲ್ಲದ ಡಬ್ಬದಲ್ಲಿದೆ, ಕಪಾಟಿನಲ್ಲಿಲ್ಲ.

ಅಕ್ಕಿಯಿಂದ ಶುರು ಮಾಡೋಣ. ದಿನಕ್ಕೆರಡು ಹೊತ್ತು ಊಟ ಮಾಡುವುದು ಅದನ್ನೇ, ಬದಲಾಯಿಸುವುದಾದರೆ ಮೊದಲು ಅದನ್ನೇ ಬದಲಾಯಿಸಬೇಕು. ಇಲ್ಲಿ ಪಾಲಿಶ್ ಮಾಡದ ಕೆಂಪಕ್ಕಿ ಕೆಜಿಗೆ 78 ರೂಪಾಯಿ. ಕಿರಾಣಿ ಅಂಗಡಿಯಲ್ಲಿ ನಾವು ತರುತ್ತಿದ್ದ ಸೋನಾ ಮಸೂರಿ 60. ಹದಿನೆಂಟು ರೂಪಾಯಿ ಜಾಸ್ತಿ, ನಿಜ. ಆದರೆ ತವುಡು ಉಳಿದ ಅಕ್ಕಿ ಹೊಟ್ಟೆಯಲ್ಲಿ ನಿಲ್ಲುತ್ತದೆ. ಮೂರು ಪಾವು ಹಾಕುವ ಕಡೆ ಎರಡೂವರೆ ಪಾವು ಸಾಕಾಗುತ್ತದೆ. ಮಗ ಸಂಜೆ ಶಾಲೆಯಿಂದ ಬಂದು ಬಿಸ್ಕತ್ತು ಕೇಳುವುದು ಕಡಿಮೆಯಾಗಿದೆ. ಒಂದು ಗಂಟೆ ನೆನೆಸಿ, ಕುಕ್ಕರಿನಲ್ಲಿ ಐದು ಸೀಟಿ ಹೊಡೆಸಿದರೆ ಮೆತ್ತಗೆ ಬೇಯುತ್ತದೆ. ನೆನೆಸದೆ ಇಟ್ಟರೆ ಗ್ಯಾಸ್ ದಂಡ.

ತವುಡಿನಲ್ಲಿ ಎಣ್ಣೆಯಂಶ ಇರುವುದರಿಂದ ಇಂಥ ಅಕ್ಕಿ ಬೇಗ ಮುಗ್ಗುತ್ತದೆ, ಹುಳವೂ ಬೇಗ ಹಿಡಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಅಗ್ಗ ಅಂತ ಇಪ್ಪತ್ತೈದು ಕೆಜಿ ಚೀಲ ಹೊರಬೇಡಿ, ಐದೈದು ಕೆಜಿ ತನ್ನಿ. ಡಬ್ಬದಲ್ಲಿ ಎರಡು ತುಂಡು ಬಜೆ ಹಾಕಿಡಿ. ಒಮ್ಮೆ ಆಷಾಢದಲ್ಲಿ ತಂದ ಅಕ್ಕಿ ಮೂಗಿಗೆ ಹಿಡಿದರೆ ಕಮಟು ವಾಸನೆ. ಹಾಗೇ ವಾಪಸ್ ತೆಗೆದುಕೊಂಡು ಹೋದೆ. ಅಂಗಡಿಯವರು ಒಂದು ಹಿಡಿ ಅಂಗೈಗೆ ಹಾಕಿ ಉಜ್ಜಿ ಮೂಸಿದರು. "ಹೌದಕ್ಕಾ, ಇದು ಹಳೇದು, ಬೇರೆ ಚೀಲದ್ದು ಕೊಡ್ತೀನಿ" ಎಂದು ತಕರಾರಿಲ್ಲದೆ ಬದಲಾಯಿಸಿಕೊಟ್ಟರು. ಆ ಗುಣಕ್ಕೇ ನಾನು ಅಲ್ಲಿಗೆ ಹೋಗುವುದು.

ಬೆಲ್ಲಕ್ಕೆ ನನ್ನದು ಪೂರ್ತಿ ಅಂಕ. ಜೋನಿ ಬೆಲ್ಲ ಕೆಜಿಗೆ 110 ರೂಪಾಯಿ. ನಮ್ಮದೇ ಡಬ್ಬ ಒಯ್ದರೆ ಐದು ರೂಪಾಯಿ ಕಡಿಮೆ. ಅವರು ಡಬ್ಬದ ಮುಚ್ಚಳ ತೆಗೆದು ಉದ್ದ ಸೌಟನ್ನು ತಳದವರೆಗೆ ಇಳಿಸಿ ಮೇಲೆತ್ತುತ್ತಾರೆ. ಮೇಲಿನದು ತೆಳ್ಳಗೆ ಎಳೆ ಎಳೆಯಾಗಿ ಬೀಳುತ್ತದೆ, ತಳದ್ದು ಹರಳು ಕಟ್ಟಿರುತ್ತದೆ. ಎರಡನ್ನೂ ಕಲಸಿ ಕೊಡಿ ಅಂತ ಕೇಳಿ, ಕೊಡುತ್ತಾರೆ. ಬಣ್ಣ ಕಪ್ಪಗಿದೆ ಎಂದು ಮುಖ ತಿರುಗಿಸುವವರನ್ನು ನೋಡಿದ್ದೇನೆ. ಕಬ್ಬಿನ ಹಾಲು ಕಾಯಿಸಿದರೆ ಬರುವ ಬಣ್ಣವೇ ಅದು. ಬೆಲ್ಲ ಹಳದಿಯಾಗಿ ಹೊಳೆಯಲಿ ಎಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವ ಆಲೆಮನೆಗಳಿವೆ. ಬಣ್ಣಕ್ಕೆ ಮರುಳಾಗಬೇಡಿ. ನೀರುದೋಸೆಗೆ ಈ ಬೆಲ್ಲ, ಮೇಲೊಂದು ಚಮಚ ತುಪ್ಪ ಇದ್ದರೆ ಮಗನಿಗೆ ಬೇರೆ ತಿಂಡಿಯೇ ಬೇಡ. ಅತ್ತೆಗೆ ಮಾತ್ರ ಕೊಡುವುದಿಲ್ಲ. ಸಾವಯವವಾದರೂ ಬೆಲ್ಲ ಬೆಲ್ಲವೇ, ಸಕ್ಕರೆ ಕಾಯಿಲೆಯವರಿಗೆ ಏರಿಸುವುದನ್ನು ಏರಿಸಿಯೇ ಏರಿಸುತ್ತದೆ.

ರಾಗಿ, ಹುರುಳಿ ತರಬಹುದು. ಗಾಣದ ಎಣ್ಣೆ ಚೆನ್ನಾಗಿದೆ, ನನ್ನ ಕೈಗೆಟುಕುವುದಿಲ್ಲ. ಕಪಾಟಿನಲ್ಲಿರುವ ಸಿರಿಧಾನ್ಯದ ನೂಡಲ್ಸ್, ಕುಕ್ಕೀಸ್, ಆರ್ಗ್ಯಾನಿಕ್ ಚಿಪ್ಸ್ ಬಿಟ್ಟುಬಿಡಿ. ಒಂದು ಸಣ್ಣ ಪ್ಯಾಕೆಟ್ಟಿನ ದುಡ್ಡಿಗೆ ಒಂದು ಕೆಜಿ ಹುರುಳಿ ಬರುತ್ತದೆ.

ಸೊಪ್ಪನ್ನಂತೂ ಇಲ್ಲಿ ಕೊಳ್ಳಲೇಬೇಡಿ. ಫ್ರಿಜ್ಜಿನಲ್ಲಿಟ್ಟ ಪಾಲಕ್ ಕಟ್ಟಿಗೆ 40 ರೂಪಾಯಿ, ಅದೂ ಬಾಡಿರುತ್ತದೆ. ಹಳ್ಳಿಯಿಂದ ಬಸ್ಸಿಗೆ ಬಂದು ರಸ್ತೆ ಬದಿ ಗೋಣಿ ಹಾಸಿ ಕೂರುವ ಹೆಂಗಸರ ಹತ್ತಿರ ಬಸಳೆ, ಹರಿವೆ, ಕೆಸುವಿನೆಲೆ, ಒಂದೆಲಗ ಹದಿನೈದು ಇಪ್ಪತ್ತಕ್ಕೆ ಸಿಗುತ್ತದೆ. "ಔಷಧಿ ಹೊಡೆದಿದ್ದಾ ಅಮ್ಮಾ?" ಎಂದು ಕೇಳಿದ್ದಕ್ಕೆ ಒಬ್ಬ ಅಜ್ಜಿ, "ಬಸಳೆಗೆ ಯಾರು ಔಷಧಿ ಹೊಡೀತಾರೆ ಮಾರಾಯ್ತಿ, ಸಗಣಿ ಗೊಬ್ಬರ ಅಷ್ಟೇ" ಎಂದರು. ಹಿತ್ತಲ ಸೊಪ್ಪಿನ ಮಟ್ಟಿಗೆ ಈ ಮಾತನ್ನು ನಾನು ನಂಬುತ್ತೇನೆ. ಮಳೆಗಾಲದಲ್ಲಿ ಮಾತ್ರ ಇನ್ನೊಂದು ಪ್ರಶ್ನೆ ಕೇಳಿ: ಅಡಿಕೆ ಮರದ ಬುಡದ್ದಾ? ಕೊಳೆರೋಗ ಬಾರದಂತೆ ತೋಟಕ್ಕೆಲ್ಲ ಬೋರ್ಡೋ ಹೊಡೆಯುವ ಕಾಲ ಅದು. ಮೈಲುತುತ್ತ, ಸುಣ್ಣದ ಆ ದ್ರಾವಣ ಮರದಿಂದ ಕೆಳಗಿನ ಸೊಪ್ಪಿಗೂ ಸುರಿಯುತ್ತದೆ. ಎಲೆ ಮೇಲೆ ನೀಲಿ ಚುಕ್ಕೆ ಒಣಗಿದ್ದು ಕಂಡರೆ ಬೇಡ. ಒಂದು ಹಿಡಿ ಒಂದೆಲಗಕ್ಕೆ ಜೀರಿಗೆ, ಕಾಳುಮೆಣಸು ಹುರಿದು ಹಾಕಿ, ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆ ಬೆರೆಸಿದರೆ ನಾಲ್ಕು ಜನಕ್ಕೆ ತಂಬುಳಿ. ಇಪ್ಪತ್ತು ರೂಪಾಯಿಗೆ ಇದಕ್ಕಿಂತ ಒಳ್ಳೆಯ ಊಟ ಎಲ್ಲಿದೆ?

ಲೇಬಲ್ ಬಗ್ಗೆಯೂ ಹೇಳಬೇಕು. 2017ರ ಆಹಾರ ಸುರಕ್ಷತಾ ನಿಯಮದ ಪ್ರಕಾರ ಸಾವಯವ ಎಂದು ಮಾರುವ ಪ್ಯಾಕೆಟ್ಟಿಗೆ ಎನ್‌ಪಿಒಪಿ (ಕೇಂದ್ರ ಸರಕಾರದ ಸಾವಯವ ಉತ್ಪಾದನಾ ಕಾರ್ಯಕ್ರಮ) ಅಥವಾ ಪಿಜಿಎಸ್ ಪ್ರಮಾಣಪತ್ರ ಬೇಕು. ಪಿಜಿಎಸ್ ಅಂದರೆ ರೈತರೇ ಗುಂಪು ಕಟ್ಟಿಕೊಂಡು ಒಬ್ಬರ ಹೊಲ ಇನ್ನೊಬ್ಬರು ಪರಿಶೀಲಿಸುವ ಪದ್ಧತಿ. 'ಪಿಜಿಎಸ್ ಇಂಡಿಯಾ ಗ್ರೀನ್' ಅಂತಿದ್ದರೆ ಆ ಜಮೀನು ಇನ್ನೂ ಸಾವಯವಕ್ಕೆ ಬದಲಾಗುತ್ತಿದೆ ಎಂದರ್ಥ. ಪೂರ್ತಿ ಬೆಲೆ ಕೊಡುವ ಮುಂಚೆ ಇದನ್ನು ಓದಿ ನೋಡಿ. ಚೀಲದ ಮಾಲಿಗೆ ಇಂಥ ಗುರುತು ಯಾವುದೂ ಕಾಣುವುದಿಲ್ಲ. ಯಾವ ಊರಿಂದ ಬಂತು, ಯಾರು ಬೆಳೆದದ್ದು ಎಂದು ಕೇಳಿ. ಇಲ್ಲಿನ ಅಂಗಡಿಯವರು ಊರಿನ ಹೆಸರು ಹೇಳುತ್ತಾರೆ, ಪ್ರಮಾಣಪತ್ರದ ಪ್ರತಿ ಕೇಳಿದಾಗ ಫೈಲು ತೆಗೆದು ತೋರಿಸಿದ್ದಾರೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಅಕ್ಕಿ ಚೀಲದ ಮೇಲೆ ಮಿಲ್ ಮಾಡಿಸಿದ ತಾರೀಖು ಬರೆಯದ್ದಕ್ಕೆ. ಒಂದು ರಟ್ಟಿನ ಚೀಟಿ, ಒಂದು ಸ್ಕೆಚ್ ಪೆನ್ ಸಾಕು. ಇದನ್ನು ಅವರಿಗೂ ಹೇಳಿದ್ದೇನೆ. ನೀವು ಹೋದಾಗಲೂ ದಯವಿಟ್ಟು ಕೇಳಿ, ನಾಲ್ಕು ಜನ ಕೇಳಿದರೆ ಬರೆಯುತ್ತಾರೆ.