ಹತ್ತು ಇಂಚಿನ ಟೇಬಲ್ ಸಾ: ಮೋಟರಿಗಿಂತ ಮೊದಲು ನೋಡಬೇಕಾದ ಭಾಗಗಳು

ಟೇಬಲ್ ಸಾ, ಎಂದರೆ ಮೇಜಿನ ನಡುವಿನಿಂದ ಮೇಲೆದ್ದ ದುಂಡು ಬ್ಲೇಡಿನಿಂದ ಹಲಗೆ ಸೀಳುವ ಯಂತ್ರ, ಕೊಳ್ಳಲು ಹೊರಟವರು ಮೊದಲು ಕೇಳುವುದು ಮೋಟರು ಎಷ್ಟು ವಾಟಿನದು, ಎಷ್ಟು ದಪ್ಪದ ಹಲಗೆಯನ್ನು ಸೀಳಬಲ್ಲದು ಎಂದು. ಈ ವಿಮರ್ಶೆಯಲ್ಲಿ ಆ ಪ್ರಶ್ನೆಗಳಿಗೆ ಹೆಚ್ಚು ಜಾಗ ಕೊಟ್ಟಿಲ್ಲ. ಮಡಚುವ ಕಾಲುಗಳ ಮೇಲೆ ನಿಲ್ಲುವ, 10 ಇಂಚು ಎಂದರೆ 254 ಮಿ.ಮೀ. ಬ್ಲೇಡಿನ ಈ ಯಂತ್ರವು ಎರಡು ಇಂಚು ದಪ್ಪದ ಗಟ್ಟಿಮರವನ್ನು ನಿಧಾನವಾಗಿ ತಳ್ಳಿದರೆ ತಿಣುಕದೆ ಸೀಳುತ್ತದೆ, ಅವಸರಪಟ್ಟರೆ ಮೋಟರಿನ ಸದ್ದು ಕುಗ್ಗುತ್ತದೆ. ಈ ವರ್ಗದ ಯಂತ್ರಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ. ನಿಜವಾದ ವ್ಯತ್ಯಾಸ ಇರುವುದು ಬ್ಲೇಡಿನ ಸುತ್ತಲಿನ ರಕ್ಷಣಾ ಭಾಗಗಳಲ್ಲಿ, ಅವನ್ನು ಕಳಚಿ ಮತ್ತೆ ಜೋಡಿಸುವುದು ಎಷ್ಟು ಸುಲಭ ಎಂಬುದರಲ್ಲಿ. ಏಕೆಂದರೆ ಜೋಡಿಸಲು ಕಷ್ಟವಾದ ರಕ್ಷಣೆಯನ್ನು ಒಮ್ಮೆ ಕಳಚಿದವರು ಮತ್ತೆ ಜೋಡಿಸುವುದು ಅಪರೂಪ. ಯಂತ್ರದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಹೇಳುವ ಗುಣದೋಷಗಳನ್ನು ಇದೇ ಗಾತ್ರದ ಯಾವ ಯಂತ್ರದಲ್ಲಿ ಬೇಕಾದರೂ ಹುಡುಕಿ ನೋಡಬಹುದು.

ಮೊದಲು ರಿವಿಂಗ್ ನೈಫ್. ಬ್ಲೇಡಿನ ಹಿಂಬದಿಯಲ್ಲಿ ಅದರ ಬಾಗನ್ನೇ ಅನುಸರಿಸಿ ನಿಂತಿರುವ ಈ ಉಕ್ಕಿನ ತಗಡು ಏನನ್ನೂ ಕತ್ತರಿಸುವುದಿಲ್ಲ. ಮರ ಸೀಳಿದಂತೆ ಅದರೊಳಗಿನ ಬಿಗುವು ಸಡಿಲಗೊಂಡು ಎರಡು ಹೋಳುಗಳೂ ಒಂದರತ್ತ ಒಂದು ಬಾಗಿ ಬ್ಲೇಡನ್ನು ಅಮುಕುವುದುಂಟು. ಇಲ್ಲವೇ ಹಲಗೆ, ಅದನ್ನು ನೇರವಾಗಿ ಸಾಗಿಸಲು ಪಕ್ಕದಲ್ಲಿ ಆಸರೆಯಾಗಿ ನಿಲ್ಲಿಸಿದ ಪಟ್ಟಿಯಾದ ಫೆನ್ಸಿನಿಂದ ತುಸು ಸರಿದು ಬ್ಲೇಡಿನ ಹಿಂಭಾಗದ ಹಲ್ಲುಗಳಿಗೆ ತಾಗುವುದುಂಟು. ಮುಂಭಾಗದ ಹಲ್ಲುಗಳು ಮರವನ್ನು ಮೇಜಿನತ್ತ ಒತ್ತುತ್ತಿದ್ದರೆ ಹಿಂಭಾಗದವು ಮೇಲೇಳುತ್ತಿರುತ್ತವೆ. ಅವುಗಳಿಗೆ ಸಿಕ್ಕ ಹಲಗೆ ಮೇಲೆದ್ದು, ಬ್ಲೇಡಿನ ನೆತ್ತಿಯ ಮೇಲೆ ಹಾದು, ಕೆಲಸ ಮಾಡುವವರ ಕಡೆಗೇ ಚಿಮ್ಮುತ್ತದೆ. ಇದೇ ಕಿಕ್‌ಬ್ಯಾಕ್. ನಿಮಿಷಕ್ಕೆ 4,800 ಸುತ್ತು ತಿರುಗುವ ಈ ಗಾತ್ರದ ಬ್ಲೇಡಿನ ಹಲ್ಲಿನ ತುದಿ ಸೆಕೆಂಡಿಗೆ ಸುಮಾರು 64 ಮೀಟರ್, ಅಂದರೆ ಗಂಟೆಗೆ 230 ಕಿ.ಮೀ. ವೇಗದಲ್ಲಿ ಚಲಿಸುತ್ತಿರುತ್ತದೆ, ಏನಾಯಿತೆಂದು ತಿಳಿಯುವಷ್ಟರಲ್ಲಿ ಪೆಟ್ಟು ಬಿದ್ದಿರುತ್ತದೆ. ಪೆಟ್ಟಿಗಿಂತಲೂ ಕೆಟ್ಟದ್ದೆಂದರೆ, ಹಲಗೆಯ ಜೊತೆಗೆ ಅದನ್ನು ಹಿಡಿದ ಕೈಯೂ ಬ್ಲೇಡಿನತ್ತ ಸೆಳೆದುಹೋಗಬಹುದು. ಸೀಳಿನ ನಡುವೆ ನಿಂತು ಎರಡು ಹೋಳುಗಳನ್ನೂ ಬೇರೆಯಾಗಿಯೇ ಇಟ್ಟು, ಹಿಂಭಾಗದ ಹಲ್ಲುಗಳಿಗೆ ಮರ ತಾಗದಂತೆ ನೋಡಿಕೊಳ್ಳುವುದಷ್ಟೇ ಈ ತಗಡಿನ ಕೆಲಸ.

ಈ ಯಂತ್ರದ ರಿವಿಂಗ್ ನೈಫ್ ಚೆನ್ನಾಗಿದೆ. ಪಕ್ಕದ ಸನ್ನೆಯನ್ನು ಸಡಿಲಿಸಿ ಮೇಲಕ್ಕೆಳೆದರೆ ಬ್ಲೇಡನ್ನು ಮುಚ್ಚುವ ಕಾವಲನ್ನು ಸಿಕ್ಕಿಸುವ ಎತ್ತರದಲ್ಲಿ ಟಕ್ಕೆಂದು ಕೂರುತ್ತದೆ. ಕೆಳಕ್ಕೆ ಒತ್ತಿದರೆ ಬ್ಲೇಡಿನ ನೆತ್ತಿಗಿಂತ ತುಸು ಕೆಳಗೆ ನಿಲ್ಲುತ್ತದೆ. ಹಲಗೆಯನ್ನು ಪೂರ್ತಿ ಸೀಳದೆ ಅರ್ಧ ದಪ್ಪಕ್ಕೆ ಕೊರೆಯುವಾಗ ಬೇಕಾಗುವುದು ಈ ಎರಡನೆಯ ಸ್ಥಾನ. ಸ್ಪ್ಯಾನರ್ ಬೇಡ, ತಿರುಪು ಬೇಡ. ತಗಡಿನ ಮೇಲೆ 2.2 ಮಿ.ಮೀ. ಎಂದು ಅಚ್ಚೊತ್ತಿದ್ದಾರೆ. ಯಂತ್ರದೊಂದಿಗೆ ಬರುವ ಬ್ಲೇಡಿನ ಒಡಲು 1.8 ಮಿ.ಮೀ., ಅದರ ಹಲ್ಲುಗಳು ಕೊರೆಯುವ ಸೀಳಿನ ಅಗಲ 2.6 ಮಿ.ಮೀ. ತಗಡಿನ ದಪ್ಪ ಈ ಎರಡರ ನಡುವೆ ಇರಲೇಬೇಕು. ಮುಂದೆ 2 ಮಿ.ಮೀ. ಸೀಳಿನ ತೆಳುವಾದ ಬ್ಲೇಡನ್ನು ತಂದು ಹಾಕಿದರೆ ಮರ ತಗಡಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಒಡಲೇ ದಪ್ಪವಾಗಿರುವ ಬ್ಲೇಡು ಹಾಕಿದರೆ ತಗಡು ಅದರ ಮರೆಯಲ್ಲಿ ಅಡಗಿ, ಇದ್ದೂ ಇಲ್ಲದಂತಾಗುತ್ತದೆ. ಹೊಸ ಬ್ಲೇಡು ಕೊಳ್ಳುವಾಗ ಹಲ್ಲುಗಳ ಸಂಖ್ಯೆಯನ್ನು ಮಾತ್ರ ನೋಡುವವರು ಪೊಟ್ಟಣದ ಮೇಲಿನ ಈ ಎರಡು ಅಳತೆಗಳನ್ನೂ ಓದಿಕೊಳ್ಳುವುದು ಒಳ್ಳೆಯದು.

ಯಂತ್ರಕ್ಕಿಂತ ಅದರ ಕೈಪಿಡಿಯ ಬಗ್ಗೆಯೇ ನನ್ನ ತಕರಾರು ಹೆಚ್ಚು. ಒಂದೇ ತಗಡನ್ನು ಒಂದು ಪುಟದಲ್ಲಿ ರಿವಿಂಗ್ ನೈಫ್ ಎಂದೂ ಇನ್ನೊಂದು ಪುಟದಲ್ಲಿ ಸ್ಪ್ಲಿಟರ್ ಎಂದೂ ಕರೆದಿದ್ದಾರೆ. ಇದು ಬರಿಯ ಹೆಸರಿನ ಗೊಂದಲವಲ್ಲ. ಸ್ಪ್ಲಿಟರ್ ಎಂಬುದು ಹಳೆಯ ಯಂತ್ರಗಳಲ್ಲಿ ಹಿಂದೆ ಒಂದೆಡೆ ನೆಟ್ಟಗೆ ನಿಲ್ಲುವ ಭಾಗ. ಬ್ಲೇಡನ್ನು ಇಳಿಸಿದಾಗ ಅದು ಜೊತೆಯಲ್ಲಿ ಇಳಿಯುವುದಿಲ್ಲವಾದ್ದರಿಂದ ಬ್ಲೇಡಿಗೂ ಅದಕ್ಕೂ ನಡುವಿನ ಅಂತರ ಹಿಗ್ಗುತ್ತದೆ, ಆ ಅಂತರದಲ್ಲೇ ಮರ ತಿರುಗಿಕೊಳ್ಳಬಹುದು. ರಿವಿಂಗ್ ನೈಫ್ ಬ್ಲೇಡಿನೊಂದಿಗೇ ಏರಿ, ಇಳಿದು, ವಾಲುತ್ತದೆ. ಹಲ್ಲುಗಳಿಂದ ಅದರ ದೂರ ಕೆಲವೇ ಮಿ.ಮೀ.ಗಳಷ್ಟಿದ್ದು ಬದಲಾಗುವುದಿಲ್ಲ. ಅರ್ಧ ದಪ್ಪದ ಕೊರೆತಕ್ಕೆ ಸ್ಪ್ಲಿಟರನ್ನು ತೆಗೆಯಿರಿ ಎಂಬ ಸೂಚನೆಯನ್ನು ಓದಿದ ಹೊಸಬರು ಈ ಯಂತ್ರದಲ್ಲಿ ತೆಗೆಯುವ ಅಗತ್ಯವೇ ಇಲ್ಲದ ತಗಡನ್ನು ಕಿತ್ತು ಪಕ್ಕಕ್ಕಿಡುತ್ತಾರೆ. ಸುರಕ್ಷತೆಯ ಪುಟಗಳಲ್ಲಿ ಒಂದು ಭಾಗಕ್ಕೆ ಒಂದೇ ಹೆಸರು ಇರಬೇಕೆಂದು ಬಯಸುವುದು ಅತಿಯಾದ ನಿರೀಕ್ಷೆಯೇನಲ್ಲ.

ಬ್ಲೇಡಿನ ಕಾವಲಿಗೆ ಎರಡು ಪಾರದರ್ಶಕ ರೆಕ್ಕೆಗಳಿವೆ, ಎಡ ಬಲ ಎರಡೂ ಪ್ರತ್ಯೇಕವಾಗಿ ಏಳುತ್ತವೆ. ಹೊಸದರಲ್ಲಿ ಸೀಳಿನ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಕೆಲಸ ಸಾಗಿದಂತೆ ಹೊಟ್ಟು ಅಂಟಿ ಮಂಜಾಗುತ್ತದೆ, ಆಗಾಗ ಒರೆಸಬೇಕು. ಅದರೊಂದಿಗೆ ಬರುವ, ಮರ ಹಿಂದಕ್ಕೆ ಜಾರದಂತೆ ಕಚ್ಚಿ ಹಿಡಿಯುವ ಪಾಲ್‌ಗಳ ಮೊನೆ ಹರಿತವಾಗಿದೆ. ಮೆದು ಮರದ ಮೇಲೆ ಗೀರು ಬೀಳುತ್ತದೆ. ಗೀರನ್ನು ಉಜ್ಜಿ ತೆಗೆಯಬಹುದು ಎಂಬ ಕಾರಣಕ್ಕೆ ಇದನ್ನು ದೋಷವೆಂದು ಎಣಿಸಿಲ್ಲ.

ಫೆನ್ಸು ಹಲ್ಲುಪಟ್ಟಿಯ ಮೇಲೆ ಜಾರುತ್ತದೆ, ಮುಂದೆ ಹಿಂದೆ ಒಟ್ಟಿಗೆ ಬಿಗಿಯುತ್ತದೆ. ಪೆಟ್ಟಿಗೆಯಿಂದ ತೆಗೆದಾಗ ಅದರ ಹಿಂತುದಿ ಬ್ಲೇಡಿನತ್ತ ಸುಮಾರು ಅರ್ಧ ಮಿ.ಮೀ. ವಾಲಿತ್ತು. ಕೇಳಲು ಸಣ್ಣ ಅಳತೆಯಾದರೂ ಹಲಗೆಯನ್ನು ಹಿಂಭಾಗದ ಹಲ್ಲುಗಳತ್ತ ಒತ್ತುವುದಕ್ಕೆ ಅಷ್ಟು ಸಾಕು. ಹಲಗೆಯನ್ನು ಬೇಕಾದ ಕೋನದಲ್ಲಿ ಹಿಡಿದು ತಳ್ಳುವ ಮೈಟರ್ ಗೇಜ್ ಜಾರುವ, ಮೇಜಿನ ಮೇಲಿನ ತೋಡಿನಿಂದ ಫೆನ್ಸಿಗೆ ಮುಂದೊಮ್ಮೆ ಹಿಂದೊಮ್ಮೆ ಅಳೆದು ತಿರುಪು ಸರಿಪಡಿಸಿದ ಮೇಲೆ ಅದು ಕದಲಿಲ್ಲ. ಮೈಟರ್ ಗೇಜ್ ಮಾತ್ರ ಹೆಸರಿಗೆ ಇದೆ. ತೋಡಿನಲ್ಲಿ ಅಲ್ಲಾಡುತ್ತದೆ, 90 ಡಿಗ್ರಿಯ ಗುರುತನ್ನು ನಂಬದೆ ಮೂಲೆಮಟ್ಟ ಹಿಡಿದು ನೋಡಬೇಕು. ಎಳೆಗೆ ಅಡ್ಡವಾಗಿ ತುಂಡರಿಸುವಾಗ ಇದನ್ನೂ ಫೆನ್ಸನ್ನೂ ಒಟ್ಟಿಗೆ ಬಳಸಬಾರದು ಎಂಬ ಎಚ್ಚರಿಕೆಯನ್ನು ಕೈಪಿಡಿ ಚಿತ್ರಸಹಿತ ಕೊಟ್ಟಿರುವುದು ಮೆಚ್ಚತಕ್ಕದ್ದು: ತುಂಡಾದ ಹೋಳು ಬ್ಲೇಡಿಗೂ ಫೆನ್ಸಿಗೂ ನಡುವೆ ಸಿಕ್ಕಿಕೊಂಡು ತಿರುಗಿದರೆ ಅದೂ ಚಿಮ್ಮುತ್ತದೆ.

ಸ್ವಿಚ್ಚಿನ ಕೆಂಪು ಹಲಗೆ ದೊಡ್ಡದಾಗಿದ್ದು, ಎರಡೂ ಕೈ ಮರದ ಮೇಲಿರುವಾಗ ಮೊಣಕಾಲಿನಿಂದಲೇ ಒತ್ತಿ ನಿಲ್ಲಿಸಬಹುದು. ಕೆಲಸದ ನಡುವೆ ಕರೆಂಟು ಹೋಗಿ ಬಂದರೆ ಯಂತ್ರ ತಾನಾಗಿ ತಿರುಗುವುದಿಲ್ಲ, ಮತ್ತೆ ಒತ್ತಿಯೇ ಚಾಲೂ ಮಾಡಬೇಕು. ಬ್ಲೇಡಿನ ಸುತ್ತ ಮೇಜಿನಲ್ಲಿ ಕೂರುವ ಥ್ರೋಟ್ ಪ್ಲೇಟಿನ ಸಂದು ಅಗಲವಾಗಿದ್ದು ತೆಳುವಾದ ಪಟ್ಟಿಗಳು ಅದರೊಳಕ್ಕೆ ಇಳಿದು ಸಿಕ್ಕಿಬೀಳುತ್ತವೆ. ಸಂದು ಕಿರಿದಾದ ಪ್ಲೇಟನ್ನು ಬೇರೆಯಾಗಿ ಕೊಳ್ಳಬೇಕು. ಕೊಟ್ಟಿರುವ ಪುಶ್ ಸ್ಟಿಕ್ ಕಡ್ಡಿಯಂಥದ್ದು, ಹಲಗೆಯನ್ನು ಹಿಂದಿನಿಂದ ತಳ್ಳುತ್ತದೆಯೇ ಹೊರತು ಮೇಲಿನಿಂದ ಅದುಮುವುದಿಲ್ಲ. ಹಿಂದೆ ಹಿಮ್ಮಡಿಯಿರುವ ಅಗಲವಾದ ಪುಶ್ ಬ್ಲಾಕ್ ಎರಡು ಕೆಲಸವನ್ನೂ ಮಾಡುತ್ತದೆ, ಉಳಿಕೆ ಪ್ಲೈವುಡ್ಡಿನಲ್ಲೇ ಮಾಡಿಕೊಳ್ಳಬಹುದು. ಕಿವಿಗೆ ಕಾವಲು, ಹೊಟ್ಟಿಗೆ ಮಾಸ್ಕು ಬೇಕೇ ಬೇಕು. ಕೈಗವಸು ಮಾತ್ರ ಬೇಡ, ಹಲ್ಲಿಗೆ ಸಿಕ್ಕ ಬಟ್ಟೆ ಕೈಯನ್ನೂ ಎಳೆದೊಯ್ಯುತ್ತದೆ.

ಬೆರಳು ತಾಗಿದೊಡನೆ ನಿಲ್ಲುವ ಯಂತ್ರವನ್ನೇ ಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಸ್ಟೀವ್ ಗ್ಯಾಸ್ 1999ರಲ್ಲಿ ರೂಪಿಸಿದ, ಸಾಸ್ಟಾಪ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಆ ವ್ಯವಸ್ಥೆಯಲ್ಲಿ ಚರ್ಮದ ವಿದ್ಯುತ್ ವಾಹಕತೆಯನ್ನು ಗುರುತಿಸಿದ ಕೂಡಲೇ ಅಲ್ಯೂಮಿನಿಯಂ ತುಂಡೊಂದು ಬ್ಲೇಡಿಗೆ ನುಗ್ಗಿ, ಸುಮಾರು 5 ಮಿಲಿಸೆಕೆಂಡುಗಳಲ್ಲಿ ಅದನ್ನು ನಿಲ್ಲಿಸುತ್ತದೆ. ಹಣವಿದ್ದವರು ಖಂಡಿತ ಕೊಳ್ಳಲಿ. ಒಮ್ಮೆ ನಿಂತ ಮೇಲೆ ಬ್ರೇಕಿನ ಕಾರ್ಟ್ರಿಜ್ ಬದಲಿಸಬೇಕು, ಸಾಮಾನ್ಯವಾಗಿ ಬ್ಲೇಡೂ ಹಾಳಾಗಿರುತ್ತದೆ. ಹಸಿ ಮರಕ್ಕೂ ಅದು ಎಡವಿ ನಿಲ್ಲಬಹುದು. ಆದರೆ ಚಿಮ್ಮಿ ಬರುವ ಹಲಗೆಯನ್ನು ಆ ಬ್ರೇಕು ತಡೆಯುವುದಿಲ್ಲ, ಅದಕ್ಕೆಂದೇ ಅಂಥ ಯಂತ್ರದಲ್ಲಿಯೂ ರಿವಿಂಗ್ ನೈಫ್ ಇದ್ದೇ ಇರುತ್ತದೆ.

ಬಿಡುವಿನಲ್ಲಿ ಪೀಠೋಪಕರಣ ಮಾಡುವವರಿಗೆ, ಯಂತ್ರವನ್ನು ಕೆಲಸದ ಜಾಗಕ್ಕೆ ಹೊತ್ತೊಯ್ಯುವ ಬಡಗಿಗಳಿಗೆ ಇದನ್ನು ಧಾರಾಳವಾಗಿ ಹೇಳಬಲ್ಲೆ. ಇಡೀ ಪ್ಲೈವುಡ್ ಹಾಳೆಗಳನ್ನು ದಿನವಿಡೀ ಸೀಳುವವರಿಗೆ ಇದರ ಮೇಜು ಕಿರಿದು. ಅವರು ಎರಕದ ಕಬ್ಬಿಣದ ಮೇಜಿನ ದೊಡ್ಡ ಯಂತ್ರವನ್ನೇ ನೋಡಲಿ. ಯಾವುದನ್ನೇ ಕೊಂಡರೂ, ಪ್ಲಗ್ ಕಿತ್ತಿಟ್ಟ ಯಂತ್ರದಲ್ಲಿ ರಿವಿಂಗ್ ನೈಫನ್ನು ಅಂಗಡಿಯಲ್ಲಿಯೇ ಕೈಯಾರೆ ಎತ್ತಿ ಇಳಿಸಿ ನೋಡಿ. ಅದಕ್ಕೆ ಸ್ಪ್ಯಾನರ್ ಬೇಕೆಂದು ಮಾರುವವರು ಹೇಳಿದರೆ ಮುಂದಿನ ಮಾದರಿಯನ್ನು ಕೇಳಿ.