ವೆಲ್ಡ್ ಮಾಡಿದ ಸ್ಟೀರಿಂಗ್ ಶಾಫ್ಟ್ ಹಾಕಿಕೊಂಡು ತೋಟದ ರಸ್ತೆ ಇಳಿಯಬೇಡಿ

ಮೂಡಿಗೆರೆ ಕಡೆಯ ಒಂದು ತೋಟದ ಹಳೇ ಡೀಸೆಲ್ ಜೀಪು, ಪವರ್ ಸ್ಟೀರಿಂಗ್ ಆಮೇಲೆ ಕೂರಿಸಿದ್ದು. ಕೊಯ್ಲಿನ ಸಮಯ, ಹಿಂದೆ ಕಾಫಿ ಹಣ್ಣಿನ ಚೀಲ, ಇಳಿಜಾರಿನಲ್ಲಿ ಬಲ ತಿರುವು. ಸ್ಟೀರಿಂಗ್ ತಿರುಗಿತು, ಚಕ್ರ ತಿರುಗಲಿಲ್ಲ. ಫಸ್ಟ್ ಗೇರಿನಲ್ಲಿದ್ದದ್ದಕ್ಕೆ, ಎಡಗಡೆ ದರೆ ಇದ್ದದ್ದಕ್ಕೆ ಬಂಪರ್ ಮಣ್ಣಿಗೆ ಗುದ್ದಿ ಗಾಡಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಅದಕ್ಕಿಂತ ಎರಡು ತಿರುವು ಮೇಲೆ ಎಡಗಡೆ ದರೆ ಇಲ್ಲ, ಬರೀ ಇಳಿಜಾರು.

ಬಾನೆಟ್ ಎತ್ತಿದರೆ, ಶಾಫ್ಟಿನ ಕೆಳಗಿನ ಯೋಕ್ (ಸೀಳಿರುವ, ಬೋಲ್ಟ್ ಹಾಕಿ ಬಿಗಿಯುವ ಕವೆಯಂಥ ತುದಿ) ಸ್ಟೀರಿಂಗ್ ಬಾಕ್ಸಿನಿಂದ, ಅಂದರೆ ಸ್ಟೀರಿಂಗಿನ ತಿರುವನ್ನು ಚಕ್ರದ ಕಡೆ ದಾಟಿಸುವ ಗೇರ್ ಪೆಟ್ಟಿಗೆಯಿಂದ, ಕಳಚಿ ನೇತಾಡುತ್ತಿತ್ತು. ಬೋಲ್ಟ್ ಮಾತ್ರ ಯೋಕಿನಲ್ಲೇ ಇತ್ತು, ನಟ್ಟೂ ಬಿಗಿಯಾಗಿಯೇ ಇತ್ತು. ನಿಜವಾಗಿ ನೋಡಬೇಕಾದದ್ದು ಇದನ್ನೇ. ಬೋಲ್ಟ್ ಬಿಗಿ ಇದ್ದೂ ಯೋಕ್ ಕಳಚಿದೆ ಅಂದರೆ ಆ ಬೋಲ್ಟ್ ಹಿಡಿಯಬೇಕಾದದ್ದನ್ನು ಹಿಡಿದೇ ಇರಲಿಲ್ಲ.

ಹಿಂದಿನ ಕಥೆ ಇಷ್ಟು: ಶಾಫ್ಟಿನ ಕ್ರಾಸ್ (ಎರಡು ಯೋಕ್ ಸೇರಿಸಿ ಓರೆಯಲ್ಲೂ ತಿರುಗಲು ಬಿಡುವ ಅಡ್ಡ ತುಂಡು) ಸವೆದು ಪ್ಲೇ, ಅಂದರೆ ಸಡಿಲ ಆಟ, ಬಂದಿತ್ತು. ಪೂರ್ತಿ ಅಸೆಂಬ್ಲಿ ತರಿಸಲು ಪುರುಸೊತ್ತಿಲ್ಲ ಎಂದು ಗುಜರಿಯಿಂದ ಬೇರೆ ಗಾಡಿಯ ಯೋಕ್ ತಂದು, ಹಳೇ ಶಾಫ್ಟ್ ಕತ್ತರಿಸಿ, ನಡುವೆ ಕಬ್ಬಿಣದ ಸಲಾಕೆ ಕೊಟ್ಟು ವೆಲ್ಡ್ ಮಾಡಿದ್ದರು. ಮೇಲೆ ಗ್ರೈಂಡರ್ ಹೊಡೆದು ಕಪ್ಪು ಬಣ್ಣ ಬಳಿದಿದ್ದರಿಂದ ನೋಡಲು ಹೊಸದರಂತೆಯೇ ಇತ್ತು. ಅದರಲ್ಲಿ ಮೂರು ತಪ್ಪು ಒಂದರ ಮೇಲೊಂದು ಕೂತಿದ್ದವು.

ಮೊದಲನೆಯದು, ಜಾರುವ ಭಾಗವನ್ನೇ ಕತ್ತರಿಸಿ ಎಸೆದದ್ದು. ಸ್ಟೀರಿಂಗ್ ಕಾಲಂ (ಸ್ಟೀರಿಂಗ್ ಕೂತಿರುವ ಕಂಬ) ಇರುವುದು ಬಾಡಿಗೆ, ಬಾಕ್ಸ್ ಇರುವುದು ಚಾಸಿಗೆ. ಇವೆರಡರ ನಡುವೆ ರಬ್ಬರ್ ಬುಷ್‌ಗಳಿವೆ. ತೋಟದ ರಸ್ತೆಯಲ್ಲಿ ಒಂದು ಚಕ್ರ ಗುಂಡಿಗೆ ಇಳಿದು ಇನ್ನೊಂದು ಕಲ್ಲಿನ ಮೇಲೆ ಹತ್ತಿದಾಗ ಚಾಸಿ ತಿರುಚುತ್ತದೆ, ಬಾಡಿ ಅದರ ಮೇಲೆ ಅಲ್ಲಾಡುತ್ತದೆ. ಕಾಲಮ್ಮಿಗೂ ಬಾಕ್ಸಿಗೂ ನಡುವಿನ ದೂರ ಆಗಾಗ ಹೆಚ್ಚು ಕಡಿಮೆ ಆಗುತ್ತಲೇ ಇರುತ್ತದೆ. ಅದಕ್ಕೇ ಶಾಫ್ಟ್ ಒಂದರೊಳಗೊಂದು ಜಾರುವ ಎರಡು ತುಂಡಾಗಿರುವುದು. ಅದನ್ನು ಒಂದೇ ಸಲಾಕೆ ಮಾಡಿದರೆ ಪ್ರತಿ ಗುಂಡಿಗೂ ಶಾಫ್ಟ್ ಒಮ್ಮೆ ಬಾಕ್ಸಿನ ಬೇರಿಂಗನ್ನು ಒತ್ತುತ್ತದೆ, ಒಮ್ಮೆ ಯೋಕನ್ನು ಎಳೆಯುತ್ತದೆ. ಇನ್ನೊಂದು ಅಪಾಯವೂ ಇದೆ: ಎದುರಿನಿಂದ ಗುದ್ದಿದಾಗ ಮಡಚಿಕೊಳ್ಳಬೇಕಾದ ಶಾಫ್ಟ್ ನೇರವಾಗಿ ಡ್ರೈವರ್ ಎದೆಗೇ ಬರುತ್ತದೆ.

ಎರಡನೆಯದು, ಉದ್ದ. ಶಾಫ್ಟ್ ಸುಮಾರು 12 ಮಿಲಿಮೀಟರ್ ಗಿಡ್ಡವಾಗಿತ್ತು. ಬಾಕ್ಸಿನಿಂದ ಹೊರಬಂದ ಸ್ಪ್ಲೈನಿನಲ್ಲಿ (ಉದ್ದಕ್ಕೆ ಹಲ್ಲು ಕೊರೆದ ತುದಿಯಲ್ಲಿ) ಒಂದು ಅಡ್ಡ ಕಚ್ಚು ಇರುತ್ತದೆ. ಯೋಕ್ ಪೂರ್ತಿ ಕೂತಾಗ ಬೋಲ್ಟ್ ಆ ಕಚ್ಚಿನ ಮೂಲಕವೇ ಹಾದು ಹೋಗಬೇಕು. ಆಗ ನಟ್ ಸಡಿಲವಾದರೂ ಬೋಲ್ಟ್ ಇರುವವರೆಗೆ ಯೋಕ್ ಕಳಚುವುದಿಲ್ಲ. ಇಲ್ಲಿ ಯೋಕ್ ಅರ್ಧ ಮಾತ್ರ ಕೂತಿತ್ತು, ಬೋಲ್ಟ್ ಸ್ಪ್ಲೈನಿನ ತುದಿಯಾಚೆ ಖಾಲಿ ಜಾಗದಲ್ಲಿ ಹಾಯಾಗಿ ಹೋಗಿತ್ತು. ಬೋಲ್ಟ್ ಸಲೀಸಾಗಿ ಹೋಯಿತೆಂದು ಖುಷಿಪಡಬೇಡಿ. ಬೋಲ್ಟ್ ಹಾಕಿ, ಬಿಗಿಮಾಡುವ ಮೊದಲೇ ಯೋಕನ್ನು ಕೈಯಲ್ಲಿ ಜೋರಾಗಿ ಎಳೆದು ನೋಡಿ. ಜಾರಿ ಬಂದರೆ ಕಚ್ಚಿನಲ್ಲಿ ಕೂತಿಲ್ಲ.

ಮೂರನೆಯದು ಹಲ್ಲಿನ ಲೆಕ್ಕ. ಗುಜರಿ ಯೋಕಿನ ಸ್ಪ್ಲೈನ್ ಬೇರೆ ಅಳತೆಯದು. ಸೀಳಿಗೆ ಉಳಿ ಹೊಡೆದು ಅಗಲಿಸಿ ಕೂರಿಸಿ, ಆಮೇಲೆ ಬೋಲ್ಟಿನಿಂದ ಎಳೆದು ಬಿಗಿದಿದ್ದರು. ಸೀಳಿನ ಎರಡು ಅಂಚೂ ಒಂದಕ್ಕೊಂದು ಮುಟ್ಟಿ ಹೊಳೆಯುತ್ತಿದ್ದವು. ಅಂಚು ಅಂಚಿಗೆ ತಾಗಿದ ಮೇಲೆ ಬೋಲ್ಟ್ ಬಿಗಿಯುವುದು ಆ ಅಂಚುಗಳನ್ನು ಮಾತ್ರ, ಶಾಫ್ಟನ್ನಲ್ಲ. ಪೂರ್ತಿ ಬಿಗಿದ ಮೇಲೂ ಸೀಳಿನಲ್ಲಿ ಬೆಳಕು ಕಾಣಲೇಬೇಕು.

ವೆಲ್ಡ್ ಮಾತ್ರ ಬಿಟ್ಟಿರಲಿಲ್ಲ. ಆದರೆ ಅದರ ಪಕ್ಕದಲ್ಲೇ, ಕೂದಲೆಳೆಯಷ್ಟು ಬಿರುಕು ಶಾಫ್ಟಿನ ಸುತ್ತಳತೆಯ ಕಾಲು ಭಾಗ ಓಡಿತ್ತು. ಸ್ಟೀರಿಂಗ್ ಶಾಫ್ಟಿನಂಥ ಗಟ್ಟಿ ಉಕ್ಕನ್ನು ಹಾಗೇ ಆರ್ಕ್ ವೆಲ್ಡ್ ಮಾಡಿ ತಣ್ಣಗಾಗಲು ಬಿಟ್ಟರೆ ಬೆಸುಗೆಯ ಪಕ್ಕದ ಲೋಹ ಪೆಡಸಾಗುತ್ತದೆ, ಬಿರುಕು ಹುಟ್ಟುವುದು ಅಲ್ಲೇ. ‘ನಮ್ಮ ವೆಲ್ಡಿಂಗ್ ಬಿಡುವುದೇ ಇಲ್ಲ’ ಎಂಬ ಮಾತು ನಿಜವೇ ಇರಬಹುದು, ಅದರಿಂದ ಪ್ರಯೋಜನವಿಲ್ಲ.

ಪ್ಲೇ ಬಂದಾಗ ಮೊದಲು ಮಾಡುವ ತಪ್ಪೆಂದರೆ ಬಾಕ್ಸಿನ ಅಡ್ಜಸ್ಟಿಂಗ್ ಸ್ಕ್ರೂ ಬಿಗಿಯುವುದು. ಒಂದು ವಾರ ಹಿತವಾಗಿರುತ್ತದೆ, ಆಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು ನಿಲ್ಲುತ್ತದೆ, ಒಳಗಿನ ಗೇರ್ ಸವೆಯುತ್ತದೆ. ಅದಕ್ಕಿಂತ ಪ್ಲೇ ಎಲ್ಲಿದೆ ಎಂದು ಹುಡುಕಿ. ಚಕ್ರ ನೇರ ಇಟ್ಟು ಒಬ್ಬರು ಸ್ಟೀರಿಂಗನ್ನು ಅತ್ತಿತ್ತ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸಲಿ. ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲೂ ಇರಲಿ, ಆಗ ಇನ್ನೊಬ್ಬರ ಅಂಗಿ ತೋಳು, ಕೈ ಫ್ಯಾನಿನಿಂದ ದೂರವಿರಲಿ. ಅವರು ಮೇಲಿನ ಕ್ರಾಸ್, ಜಾರುವ ಭಾಗ, ಕೆಳಗಿನ ಕ್ರಾಸ್, ಬಾಕ್ಸ್, ಅಲ್ಲಿಂದ ಚಕ್ರದವರೆಗಿನ ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕ್, ಟೈ ರಾಡ್ ತುದಿ ಹೀಗೆ ಒಂದೊಂದಾಗಿ ನೋಡಿಕೊಂಡು ಬರಬೇಕು. ಯಾವ ಜೋಡಣೆಯ ಒಂದು ಬದಿ ಅಲ್ಲಾಡಿ ಇನ್ನೊಂದು ಬದಿ ಸುಮ್ಮನಿದೆಯೋ ಅಲ್ಲಿದೆ ಪ್ಲೇ. ಕ್ರಾಸಿನ ತುದಿಯ ಬೇರಿಂಗ್ ಬಟ್ಟಲಿನ (ಕಪ್) ಸುತ್ತ ಕೆಂಪು ಪುಡಿ ಕಂಡರೆ ಒಳಗೆ ಸೂಜಿ ಬೇರಿಂಗ್ ತುಕ್ಕು ಹಿಡಿದಿದೆ ಎಂದೇ ಅರ್ಥ. ನಮ್ಮ ಮಳೆಗಾಲದ ಕೆಸರು, ಹಳ್ಳ ದಾಟುವಾಗಿನ ನೀರು ಆ ಸೀಲುಗಳನ್ನು ಹೆಚ್ಚು ದಿನ ಉಳಿಸುವುದಿಲ್ಲ. ಸ್ಟೀರಿಂಗಿನಲ್ಲಿ ಪ್ಲೇ 30 ಡಿಗ್ರಿ ಮೀರಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮ 1989ರ 98ನೇ ನಿಯಮವೇ ಹೇಳುತ್ತದೆ. ಘಾಟಿಯಲ್ಲಿ ಅದರ ಅರ್ಧವೂ ಜಾಸ್ತಿ.

ಇನ್ನು ಬದಲಿಸುವ ಕೆಲಸ. ನಿಮ್ಮ ಬಾಕ್ಸಿಗೂ ಕಾಲಮ್ಮಿಗೂ ಹೊಂದುವ ಪೂರ್ತಿ ಅಸೆಂಬ್ಲಿ ತನ್ನಿ. ಅಂಗಡಿಗೆ ಹೋಗುವ ಮೊದಲು ಎರಡೂ ತುದಿಯ ಹಲ್ಲು ಎಣಿಸಿ, ವರ್ನಿಯರ್‌ನಲ್ಲಿ ವ್ಯಾಸ ಅಳೆದು ಬರೆದುಕೊಳ್ಳಿ. ‘ಎಲ್ಲಾ ಒಂದೇ ಸೈಜ್ ಸಾರ್’ ಎನ್ನುವ ಮಾತನ್ನು ನಂಬಬೇಡಿ.

ಹಿಂದಿನ ರಾತ್ರಿಯೇ ಬೋಲ್ಟಿಗೂ ಸ್ಪ್ಲೈನಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಗಾಡಿ ಸಮತಟ್ಟು ಜಾಗದಲ್ಲಿರಲಿ, ಚಕ್ರ ನೇರ, ಹಿಂದೆ ಮುಂದೆ ಕಲ್ಲು. ಬ್ಯಾಟರಿಯ ನೆಗೆಟಿವ್ ತೆಗೆದು, ಸ್ಟೀರಿಂಗ್ ತಿರುಗದಂತೆ ಸೀಟಿಗೆ ಹಗ್ಗ ಕಟ್ಟಿ. ಯೋಕ್ ಮತ್ತು ಬಾಕ್ಸಿನ ಶಾಫ್ಟ್ ಎರಡರ ಮೇಲೂ ಸೇರಿ ಬರುವಂತೆ ಬಿಳಿ ಪೇಂಟಿನ ಗೆರೆ ಎಳೆಯಿರಿ. ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆ ತೆಗೆಯಬೇಕು. ಕಚ್ಚಿನಲ್ಲಿ ಬೋಲ್ಟ್ ಇರುವಾಗ ಸುತ್ತಿಗೆ ಹೊಡೆದರೆ ಹಾಳಾಗುವುದು ಬಾಕ್ಸಿನ ಬೇರಿಂಗ್.

ಶಾಫ್ಟಿನ ಎರಡು ತುಂಡು ಬೇರ್ಪಟ್ಟಿದ್ದರೆ ಸೇರಿಸುವಾಗ ಎರಡೂ ಕಡೆಯ ಯೋಕಿನ ಕಿವಿಗಳು (ಕ್ರಾಸನ್ನು ಹಿಡಿಯುವ ಎರಡು ತೋಳು) ಒಂದೇ ಸಾಲಿನಲ್ಲಿರಬೇಕು. 36 ಹಲ್ಲಿನ ಸ್ಪ್ಲೈನ್ ಆದರೆ ಒಂದು ಹಲ್ಲು ತಪ್ಪಿದರೆ 10 ಡಿಗ್ರಿ ತಪ್ಪು. ಕಿವಿಗಳು ಒಂದಕ್ಕೊಂದು ಅಡ್ಡ ಕೂತರಂತೂ ಒಂದು ಸುತ್ತಿನಲ್ಲಿ ಎರಡು ಸಲ ಸ್ಟೀರಿಂಗ್ ಭಾರ, ಎರಡು ಸಲ ಹಗುರ ಆಗುತ್ತದೆ. ಎರಡು ಕ್ರಾಸೂ 30 ಡಿಗ್ರಿ ಬಾಗಿದ್ದರೆ, ನೀವು 1 ಡಿಗ್ರಿ ತಿರುಗಿಸಿದಾಗ ಬಾಕ್ಸಿಗೆ ಹೋಗುವುದು ಒಂದು ಕಡೆ 0.75, ಇನ್ನೊಂದು ಕಡೆ 1.33. ಇದನ್ನು ಪವರ್ ಸ್ಟೀರಿಂಗ್ ಪಂಪಿನ ದೋಷ ಎಂದುಕೊಂಡು ಪಂಪ್ ಬದಲಿಸಿದವರೂ ಇದ್ದಾರೆ.

ಸ್ಪ್ಲೈನಿಗೆ ತೆಳ್ಳಗೆ ಗ್ರೀಸ್, ಕೆಳಗಿನ ಯೋಕ್ ಮೊದಲು, ಆಮೇಲೆ ಮೇಲಿನದು. ಬೋಲ್ಟ್ ಹೊಸದಿರಲಿ, ತಲೆಯ ಮೇಲೆ 8.8 ಅಥವಾ 10.9 (ಬೋಲ್ಟಿನ ಬಲದ ದರ್ಜೆ) ಎಂದಿರಲಿ, ಕಚ್ಚಿನಲ್ಲಿ ಕೂರುವ ಭಾಗ ಥ್ರೆಡ್ ಇಲ್ಲದೆ ನುಣುಪಾಗಿರಲಿ. 8 ಮಿಲಿಮೀಟರ್ ಬೋಲ್ಟಿಗೆ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್ ಬಿಗಿ. ಮ್ಯಾನ್ಯುಯಲ್ಲಿನಲ್ಲಿ ಬೇರೆ ಇದ್ದರೆ ಅದೇ ಸರಿ.

ಮುಂದಿನ ಚಕ್ರ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ (ಬರೀ ಜಾಕಿ ಸಾಲದು), ಒಂದು ಲಾಕಿನಿಂದ (ಸ್ಟೀರಿಂಗ್ ತಿರುಗುವ ಕೊನೆಯಿಂದ) ಇನ್ನೊಂದು ಲಾಕಿಗೆ ನಿಧಾನ ತಿರುಗಿಸಿ. ಎಲ್ಲೂ ಗಟ್ಟಿಯಾಗಬಾರದು, ಸೈಲೆನ್ಸರ್ ಪೈಪಿಗಾಗಲಿ ಬ್ರೇಕ್ ಪೈಪಿಗಾಗಲಿ ಶಾಫ್ಟ್ ತಾಗಬಾರದು. ಆಮೇಲೆ ಒಂದು ಮುಂಚಕ್ರವನ್ನು ದಿಣ್ಣೆಗೆ ಹತ್ತಿಸಿ, ಜಾರುವ ಭಾಗದಲ್ಲಿ ಇನ್ನೂ ಎಷ್ಟು ಉದ್ದ ಒಳಗಿದೆ ನೋಡಿ. ಇದನ್ನು ಹೆಚ್ಚಿನವರು ಮಾಡುವುದೇ ಇಲ್ಲ. ನಟ್ಟಿನ ಮೇಲಿಂದ ಯೋಕಿಗೆ ಒಂದು ಪೇಂಟ್ ಗೆರೆ ಎಳೆದು, 100 ಕಿಲೋಮೀಟರ್ ಓಡಿದ ಮೇಲೆ ಬಾನೆಟ್ ಎತ್ತಿ ಗೆರೆ ಮುರಿದಿದೆಯೇ ನೋಡಿ. ಮುರಿದಿದ್ದರೆ ಸುಮ್ಮನೆ ಮತ್ತೆ ಬಿಗಿಯಬೇಡಿ, ಬೋಲ್ಟ್ ತೆಗೆದು ಕಚ್ಚಿನಿಂದಲೇ ಶುರು ಮಾಡಿ.